ಕುದುರೆಯ ಗೊರಸೂ ಚಕ್ರವರ್ತಿಯ ದಂಡೂ

ಅರಸರ ಪೌರುಷವನ್ನೂ ಸೇನಾಪತಿಗಳ ವ್ಯೂಹರಚನೆಯನ್ನೂ ವರ್ಣಿಸುವ ಇತಿಹಾಸಕಾರರು ಕುದುರೆಯ ಗೊರಸಿನ ಕಡೆಗೆ ದೃಷ್ಟಿಯಿಡುವುದು ವಿರಳ. ಆದರೆ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗ್ರೀಸಿನ ಕ್ಸೆನೊಫನನು, ಕುದುರೆಯನ್ನು ಕೊಳ್ಳುವವನು ಮೊದಲು ಅದರ ಪಾದಗಳನ್ನು ಪರೀಕ್ಷಿಸಬೇಕೆಂದೂ, ಅಸ್ತಿವಾರ ಕೆಟ್ಟ ಮನೆಯಂತೆ ಪಾದ ಕೆಟ್ಟ ಕುದುರೆಯು ಯುದ್ಧಕ್ಕೆ ನಿರುಪಯೋಗಿಯೆಂದೂ ಬೋಧಿಸಿದ್ದನು. ಈ ಎಚ್ಚರಿಕೆಯನ್ನು ಕಡೆಗಣಿಸಿದವರಿಗೆ ಒದಗುವ ಗತಿಗೆ 1812ರ ರಷ್ಯಾ ದಂಡಯಾತ್ರೆಯೇ ನಿದರ್ಶನ.

ಗೊರಸಿನ ಹೊರಗೋಡೆಯು ನಮ್ಮ ಉಗುರಿನಂತೆ ನೋವರಿಯದುದು. ಲಾಳದ ಮೊಳೆಗಳನ್ನು ಹೊಡೆಯುವುದು ಅಲ್ಲಿಯೇ. ಒಳಭಾಗವಾದರೋ ರಕ್ತನಾಳಗಳಿಂದ ತುಂಬಿದ ಜೀವಂತ ಅಂಗ. ಹೊರಗೋಡೆಯು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಆರೆಂಟು ವಾರಗಳಿಗೊಮ್ಮೆ ಲಾಳವನ್ನು ಕಿತ್ತು, ಗೊರಸನ್ನು ಕೆತ್ತಿ, ಮತ್ತೆ ಲಾಳ ಕಟ್ಟಬೇಕು. ಆದುದರಿಂದ ದಂಡು ನಡೆದಲ್ಲೆಲ್ಲ ಕಮ್ಮಾರನ ಕುಲುಮೆಯೂ ನಡೆಯಬೇಕು.

ನೆಪೋಲಿಯನ್ನನು 1812ನೆಯ ಜೂನ್ ತಿಂಗಳಲ್ಲಿ ಲಕ್ಷಗಟ್ಟಲೆ ಸೈನಿಕರೊಡನೆ ನೀಮೆನ್ ನದಿಯನ್ನು ದಾಟಿದನು. ಮೇವಿನ ಅಭಾವದಿಂದಲೂ ಬಳಲಿಕೆಯಿಂದಲೂ ಬೇಸಗೆಯಲ್ಲಿಯೇ ಸಹಸ್ರಾರು ಕುದುರೆಗಳು ಸತ್ತವು. ಅಕ್ಟೋಬರ್ 19ರಂದು ಮಾಸ್ಕೋವಿನಿಂದ ಹೊರಟ ಸೈನ್ಯವನ್ನು ನವೆಂಬರಿನಲ್ಲಿ ಹಿಮವು ಎದುರುಗೊಂಡಿತು. ನಯವಾದ ಲಾಳಗಳು ಮಂಜುಗಡ್ಡೆಯನ್ನು ಕಚ್ಚಲಾರದೆ ಹೋದವು. ಹಸಿದ ಕುದುರೆಗಳು ಜಾರಿಬಿದ್ದು ಏಳಲಾರದಾದವು, ತೋಪುಗಳು ದಾರಿಯಲ್ಲಿಯೇ ಉಳಿದವು, ರಾಹುತರು ಕಾಲಾಳುಗಳಾದರು.

ಚಕ್ರವರ್ತಿಯ ಅಶ್ವಶಾಲೆಯ ಮುಖ್ಯಾಧಿಕಾರಿಯಾದ ಕೋಲೆಂಕೂರನು 1807ರಿಂದ 1811ರವರೆಗೆ ರಷ್ಯಾದಲ್ಲಿ ರಾಯಭಾರಿಯಾಗಿದ್ದು ಅಲ್ಲಿಯ ಚಳಿಗಾಲವನ್ನು ಕಣ್ಣಾರೆ ಕಂಡಿದ್ದನು. ಅವನ ಎಚ್ಚರಿಕೆಗಳನ್ನು ನೆಪೋಲಿಯನ್ನನು ಲಘುವಾಗಿ ತೆಗೆದುಕೊಂಡನು. ಆದರೂ ತನ್ನ ವಶದಲ್ಲಿದ್ದ ಅರಮನೆಯ ಕುದುರೆಗಳಿಗಾದರೂ ಅವನು ಮುಳ್ಳುಗಳುಳ್ಳ ಚಳಿಗಾಲದ ಲಾಳಗಳನ್ನು ಕಟ್ಟಿಸಿದನು. ಅವು ಮಂಜಿನ ಮೇಲೆ ನಿಂತು ನಡೆದುವೆಂದು 1933ರಲ್ಲಿ ಅಚ್ಚಾದ ಅವನ ಸ್ಮರಣಗ್ರಂಥವು ತಿಳಿಸುವುದು. ಡಿಸೆಂಬರ್ 5ರಂದು ಚಕ್ರವರ್ತಿಯು ಸೈನ್ಯವನ್ನು ಬಿಟ್ಟು ಪ್ಯಾರಿಸಿಗೆ ಹೊರಟಾಗ ಬಂಡಿಯಲ್ಲಿ ಅವನ ಪಕ್ಕದಲ್ಲಿ ಕುಳಿತವನು ಈ ಕೋಲೆಂಕೂರನೇ.

ನೆಪೋಲಿಯನ್ನನನ್ನು ಚಳಿಯು ಸೋಲಿಸಿತೆಂಬ ಮಾತು ರೂಢಿಯಲ್ಲಿದೆ. ಹಸಿವೂ ರೋಗವೂ ಶತ್ರುವಿನ ಆಯುಧವೂ ಸೇರಿಯೇ ಆ ದಂಡು ಅಳಿದುದು ನಿಜ. ಆದರೆ ರಷ್ಯಾದಲ್ಲಿ ಚಳಿಗಾಲವು ಆಕಸ್ಮಿಕವಲ್ಲ. ವರ್ಷಂಪ್ರತಿ ತಪ್ಪದೆ ಬರುವ ಅತಿಥಿ. ಬರುವುದು ನಿಶ್ಚಯವಾಗಿದ್ದುದಕ್ಕೆ ಸಿದ್ಧತೆಯಿಲ್ಲದಿದ್ದುದೇ ದೋಷ. ಮೂಕಪ್ರಾಣಿಯ ಬೆನ್ನೇರಿ ರಾಜ್ಯಗಳನ್ನು ಗೆಲ್ಲಹೊರಟವನು, ಒಮ್ಮೆ ಕೆಳಗಿಳಿದು ಅದರ ಕಾಲನ್ನೆತ್ತಿ ನೋಡಬೇಕಾಗಿತ್ತು.