ಗಡಿನಾಡಿನ ಹಿರಿಯ ಸವಾರರೂ ಅವರ ಬೈಸಿಕಲ್ಲುಗಳೂ

ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ರಸ್ತೆಯು ಸುಮಾರು 50 ಕಿಲೋಮೀಟರುಗಳ ಅಂತರದಲ್ಲಿ 400 ಮೀಟರುಗಳಷ್ಟು ಕೆಳಕ್ಕಿಳಿಯುತ್ತದೆಂಬ ಸಂಗತಿಯನ್ನು ಮೋಟಾರಿನಲ್ಲಿ ಕುಳಿತು ಹೋಗುವವರು ಬಹುಶಃ ಗಮನಿಸಿರಲಾರರು. ಹಿಂದಿನ ಕಂದಾಯದ ಅಧಿಕಾರಿಗಳು ಮಾತ್ರ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಘಟ್ಟದ ಮೇಲಿನ ಹೊಸೂರು ಸೀಮೆಯನ್ನು ಅವರು ಬಾಲಾಘಾಟ್ ಎಂದೂ, ಕೆಳಗಿನ ಕೃಷ್ಣಗಿರಿಯ ಸೀಮೆಯನ್ನು ಬಾರಾಮಹಲ್ ಎಂದೂ ಬೇರೆಬೇರೆಯಾಗಿ ಹೆಸರಿಸಿದರು. ಅವರಂತೆಯೇ ಈ ಏರುತಗ್ಗನ್ನು ಚೆನ್ನಾಗಿ ಬಲ್ಲ ಇನ್ನೊಂದು ವರ್ಗದ ಜನ ನಮ್ಮ ನಡುವೆ ಇಂದಿಗೂ ಇದ್ದಾರೆ. ಅವರು ಬೈಸಿಕಲ್ಲಿನ ಸವಾರರು. ಶೂಲಗಿರಿಯನ್ನು ದಾಟಿ ಕೃಷ್ಣಗಿರಿಗೆ ಇಳಿಯುವಾಗ ಪೆಡಲು ತುಳಿಯದೆ ಸಾಗಿದ ಸುಖವನ್ನೂ, ಹಿಂದಿರುಗುವಾಗ ಗಾಡಿಯಿಂದಿಳಿದು ಕೈಯಲ್ಲಿ ತಳ್ಳಿಕೊಂಡು ಏರಿದ ಕಷ್ಟವನ್ನೂ ಅವರ ಮೊಣಕಾಲುಗಳು ಇನ್ನೂ ಮರೆತಿಲ್ಲ. ಜಾಣರು ಹೋಗುವಾಗ ಬೈಸಿಕಲ್ಲಿನಲ್ಲಿ ಹೋಗಿ, ಬರುವಾಗ ಅದನ್ನು ಬಸ್ಸಿನ ಮೇಲಕ್ಕೇರಿಸಿ, ಕಂಡಕ್ಟರನಿಗೆ ಲಗೇಜಿನ ದುಡ್ಡು ಕೊಟ್ಟು ಊರು ಸೇರುತ್ತಿದ್ದರು.

ಇಂತಹ ಸ್ಮರಣಸಂಚಿಕೆಗಳಲ್ಲಿ ಶಾಸನಗಳನ್ನೂ, ಪಾಳೆಯಗಾರರನ್ನೂ, ಗುಡಿಗೋಪುರಗಳನ್ನೂ ಕುರಿತ ಲೇಖನಗಳು ಬರುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ನಮ್ಮ ಈ ಗಡಿಸೀಮೆಯಲ್ಲಿ ಕನ್ನಡದ ಮನೆಗಳು ಒಂದನ್ನೊಂದು ಬಿಡದೆ ಉಳಿದುಬಂದದ್ದು ಹೇಗೆಂದು ಯೋಚಿಸುವಾಗ, ಕಲ್ಲಿನ ಶಾಸನಕ್ಕಿಂತ ಮೊದಲು ನಮ್ಮ ಕಣ್ಣಿಗೆ ಕಟ್ಟುವುದು ಗೋಡೆಗೆ ಒರಗಿಸಿಟ್ಟ ಒಂದು ಕಪ್ಪು ಬೈಸಿಕಲ್ಲು. ಆದುದರಿಂದ ಈ ವರ್ಷ ಆ ಯಂತ್ರವನ್ನೂ, ಅದನ್ನು ಎಪ್ಪತ್ತು ದಾಟಿದ ಮೇಲೂ ಬಿಡದಿರುವ ನಮ್ಮ ಹಿರಿಯರನ್ನೂ ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಯಸಿದೆವು.

ಬೈಸಿಕಲ್ಲಿನ ಜನ್ಮವೃತ್ತಾಂತವು ಬಲ್ಲವರಿಗೆ ತಿಳಿದದ್ದೇ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು ಮ್ಯಾನ್‌ಹೈಮ್ ನಗರದಲ್ಲಿ ಓಡಿಸಿ ತೋರಿಸಿದ ಗಾಡಿಗೆ ಪೆಡಲುಗಳೇ ಇರಲಿಲ್ಲ. ಅದನ್ನು ನೆಲವನ್ನು ಕಾಲಿನಿಂದ ಒದ್ದು ನಡೆಸಬೇಕಾಗಿತ್ತು. ಆಳೆತ್ತರದ ಮುಂಗಾಲಿಯ ಗಾಡಿಗಳು ಬಂದು ಹೋದುವು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಎರಡೂ ಗಾಲಿಗಳನ್ನು ಹೆಚ್ಚುಕಡಮೆ ಸಮನಾಗಿ ಮಾಡಿ, ಹಿಂಗಾಲಿಯನ್ನು ಚೈನಿನಿಂದ ತಿರುಗಿಸುವ ರೋವರ್ ಗಾಡಿಯನ್ನು ತಂದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಗಾಡಿಗಾಗಿ ಗಾಳಿ ತುಂಬಿದ ಟಯರನ್ನು ಕಟ್ಟಿದನು. ನಮ್ಮ ಹಳ್ಳಿಯ ಅಜ್ಜಂದಿರು ಇಂದು ತುಳಿಯುತ್ತಿರುವ ಗಾಡಿಯಲ್ಲಿ ಇವೆರಡಕ್ಕಿಂತ ಹೊಸದೆನ್ನಬಹುದಾದ ದೊಡ್ಡ ಸಂಗತಿ ಯಾವುದೂ ಇಲ್ಲ.

ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ಕಡೆಗೆ ಬರುತ್ತಿದ್ದ ಗಾಡಿಗಳಲ್ಲಿ ಬಹುಪಾಲು ಇಂಗ್ಲೆಂಡಿನವು: ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಈ ಕಡೆಯದು ಮೂಲದಲ್ಲಿ ಬಂದೂಕಿನ ಕಾರ್ಖಾನೆಯಾಗಿದ್ದು, ಮೂರು ಬಂದೂಕುಗಳನ್ನು ಒಂದಕ್ಕೊಂದು ಒರಗಿಸಿದ ಚಿಹ್ನೆಯನ್ನು ತನ್ನ ಗಾಡಿಗಳ ಮೇಲೂ ಹಾಕುತ್ತಿತ್ತು. 1949ರಲ್ಲಿ ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಸಂಸ್ಥೆಯು ಹುಟ್ಟಿ, ಇದೇ ಹೆಸರಿನ ಗಾಡಿಗಳು ನಮ್ಮ ದೇಶದಲ್ಲೇ ತಯಾರಾಗತೊಡಗಿದುವು. 1951ರಲ್ಲಿ ಸೋನೀಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಾರ್ಖಾನೆಗಳು ಪ್ರಾರಂಭವಾದುವು. 1950-51ರಲ್ಲಿ ದೇಶದಲ್ಲಿ ತಯಾರಾದ ಬೈಸಿಕಲ್ಲುಗಳು ಸುಮಾರು ಒಂದು ಲಕ್ಷ. ಹತ್ತು ವರ್ಷಗಳ ತರುವಾಯ ಈ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ಅಮಲ್ದಾರರಿಗೂ ವಕೀಲರಿಗೂ ಮೀಸಲಾಗಿದ್ದ ವಸ್ತುವು ರಾಗಿ ಬೆಳೆಯುವ ಒಕ್ಕಲಿನ ಮನೆಯನ್ನೂ ಹೊಕ್ಕದ್ದು ಈ ಹತ್ತು ವರ್ಷಗಳಲ್ಲಿ. ಇಂದು ಎಂಬತ್ತರ ಆಸುಪಾಸಿನಲ್ಲಿರುವವರು ಆಗ ಶಾಲೆಗೆ ಹೋಗುತ್ತಿದ್ದ ಹುಡುಗರು.

ಆ ಗಾಡಿಯ ಅಂಗಾಂಗಗಳನ್ನು ಕೊಂಚ ವಿಚಾರಿಸಿ ನೋಡುವುದು ಅವಶ್ಯಕ. ಹಿರಿಯರು ಅದನ್ನೇ ಹಿಡಿದು ಕುಳಿತಿರುವುದನ್ನು ಕಂಡು ಹುಡುಗರು ನಗುವುದುಂಟು. ಆದರೆ ಅವರ ಹಟಕ್ಕೆ ಆಧಾರವಿದೆ. ಗಾಲಿಯ ಅಳತೆ 28 ಅಂಗುಲ, ಟಯರಿನ ದಪ್ಪ ಒಂದೂವರೆ ಅಂಗುಲ. ಗಾಲಿ ದೊಡ್ಡದಾದಷ್ಟೂ ಗುಂಡಿಯೊಳಕ್ಕೆ ಬೀಳುವುದು ಕಡಮೆ. ಬಂಡಿಜಾಡಿನ ಮೇಲೂ ಮೊರಂಮಣ್ಣಿನ ಮೇಲೂ ಅದು ತೇಲಿಕೊಂಡು ಹೋಗುತ್ತದೆ. ಮುಂದಿನ ಕವೆಯು ಮುಂಚಾಚಿಕೊಂಡು ಇಳಿಜಾರಾಗಿರುವುದರಿಂದ ಗಾಡಿ ಬೇಗನೆ ತಿರುಗದಿದ್ದರೂ ನೆಟ್ಟಗೆ ಓಡುತ್ತದೆ; ಕೈ ನಡುಗುವ ವಯಸ್ಸಿನವರಿಗೆ ಇದಕ್ಕಿಂತ ಹಿತವಾದ ಗುಣ ಮತ್ತೊಂದಿಲ್ಲ. ಸ್ಪ್ರಿಂಗುಗಳಿರುವ ಅಗಲವಾದ ಸೀಟಿನ ಮೇಲೆ ಬೆನ್ನು ನೆಟ್ಟಗಿಟ್ಟು, ಪಟೇಲರು ಜಗಲಿಯ ಮೇಲೆ ಕುಳಿತಂತೆ ಕುಳಿತುಕೊಳ್ಳಬಹುದು. ಚೈನನ್ನು ಪೂರ್ತಿಯಾಗಿ ಮುಚ್ಚುವ ತಗಡಿನ ಪೆಟ್ಟಿಗೆಯಂತೂ ಪಂಚೆಯುಟ್ಟವರಿಗೆಂದೇ ಹೇಳಿಮಾಡಿಸಿದಂತಿದೆ. ಬ್ರೇಕಿನ ವಿಷಯದಲ್ಲಿ ಮಾತ್ರ ನಾವು ಮುಲಾಜಿಲ್ಲದೆ ಹೇಳಬೇಕು. ಕಂಬಿಗಳಿಂದ ಎಳೆಯುವ ಈ ಬ್ರೇಕು ರಿಮ್ಮಿನ ಒಳಮೈಗೆ ಒತ್ತುವುದರಿಂದ ಗಾಲಿ ಸ್ವಲ್ಪ ಓಲಾಡಿದರೂ ಕೆಲಸ ಕೊಡುತ್ತದೆಂಬುದು ನಿಜ. ಆದರೆ ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಅದರ ಹಿಡಿತವು ಬಹಳ ದುರ್ಬಲ. ಅಂಚೆಟ್ಟಿಯ ಘಟ್ಟದಲ್ಲಿ ಮಳೆಗಾಲದಂದು ಇಳಿಯುವವರು ಗಾಡಿಯಿಂದಿಳಿದು ನಡೆಯುವುದೇ ಕ್ಷೇಮ.

ಇದಕ್ಕೆ ಗೇರು ಒಂದೇ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವ ಗಾಡಿಯಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರು ಮುಂದೆ ಸಾಗುತ್ತೇವೆ. ಹೊಸೂರಿನಿಂದ ತಳಿಯ ಕಡೆಗಾಗಲಿ, ಬಾಗಲೂರಿನ ಕಡೆಗಾಗಲಿ ಇರುವ ಅಲೆಅಲೆಯಾದ ನೆಲಕ್ಕೆ ಇಷ್ಟು ಸಾಕು. ಏರು ಹೆಚ್ಚಾದಲ್ಲಿ ಹಿರಿಯರು ಇಳಿದು ತಳ್ಳುತ್ತಾರೆ; ಅದರಲ್ಲಿ ಅವರಿಗೆ ಯಾವ ಸಂಕೋಚವೂ ಇಲ್ಲ.

ಇನ್ನು ಗಡಿಯ ಮಾತು. 1792ರಲ್ಲಿ ಶ್ರೀರಂಗಪಟ್ಟಣದ ಕರಾರಿನಂತೆ ಬಾರಾಮಹಲು ಕುಂಪಣಿಗೆ ಸೇರಿತು. 1799ರಲ್ಲಿ ಟಿಪ್ಪು ಮಡಿದ ಬಳಿಕ ಹೊಸೂರು ಸೀಮೆಯೂ ಹಾಗೆಯೇ ಹೋಯಿತು. ಅಂದಿನಿಂದ ಅತ್ತಿಬೆಲೆಯ ಆಚೆ ಮೈಸೂರು, ಈಚೆ ಸೇಲಂ ಜಿಲ್ಲೆ. ಆದ್ದರಿಂದ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಬಾಗಿಲಿನಲ್ಲಿ ಹೊಸ ಗಡಿಯೇನೂ ಹುಟ್ಟಲಿಲ್ಲ. ಹಳೆಯ ಗಡಿಯೇ ಭಾಷೆಯ ಗಡಿಯೆನಿಸಿಕೊಂಡಿತು, ಅಷ್ಟೆ. ಮೇಲ್ಮಟ್ಟದಲ್ಲಿ ಇದು ಚಿಕ್ಕ ವ್ಯತ್ಯಾಸವೆನಿಸಬಹುದು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ, ಪಾಠಪುಸ್ತಕವೂ ಪತ್ರಿಕೆಯೂ ಮೇಷ್ಟರೂ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಅಂದಿನಿಂದ ದೊಡ್ಡದಾಯಿತು.

ಆಗಿನ ಸಂಚಾರದ ಸೌಕರ್ಯವಾದರೂ ಎಷ್ಟು? ಮೊರಪ್ಪೂರಿನಿಂದ ಧರ್ಮಪುರಿಯ ಮಾರ್ಗವಾಗಿ ಹೊಸೂರಿಗೆ ಬರುತ್ತಿದ್ದ ಪುಟ್ಟ ರೈಲು ಎರಡನೆಯ ಮಹಾಯುದ್ಧದ ಕಾಲದಲ್ಲೇ ನಿಂತುಹೋಗಿತ್ತು. ಬೆಂಗಳೂರು ಕೇವಲ 40 ಕಿಲೋಮೀಟರು ದೂರದಲ್ಲಿದ್ದರೂ ಅಲ್ಲಿಗೆ ಹೊಸೂರಿನಿಂದ ರೈಲಿನ ಹಾದಿಯಾದದ್ದು 1960ರ ದಶಕದ ಕಡೆಗೆ. ಬಸ್ಸುಗಳು ದೊಡ್ಡ ರಸ್ತೆಯಲ್ಲಿ ಮಾತ್ರ ಓಡಾಡುತ್ತಿದ್ದುವು. ದೇಂಕಣಿಕೋಟೆ, ತಳಿ, ಕೆಲಮಂಗಲ, ಬೇರಿಕೆಗಳ ಒಳಹಳ್ಳಿಗಳಿಗೆ ಬಸ್ಸಿನಿಂದಿಳಿದು ಮುಂದೆ ಹೋಗಬೇಕಾದ ಹಾದಿಯೆಲ್ಲವೂ ಬೈಸಿಕಲ್ಲಿನ ಪಾಲು. ಅಂಚೆಯವನ ಚೀಲ ಅದರ ಮೇಲೆ. ಹಾಲಿನ ಕ್ಯಾನು ಅದರ ಮೇಲೆ. ಮಾರುಕಟ್ಟೆಗೆ ಹೊರಟ ರೇಷ್ಮೆಗೂಡಿನ ಮೂಟೆ ಅದರ ಮೇಲೆ. ಬೆಂಗಳೂರಿನ ಕನ್ನಡ ಪತ್ರಿಕೆಯ ಕಟ್ಟು ಬಸ್ಸಿನಿಂದಿಳಿದು ಹಳ್ಳಿಯ ಜಗಲಿಗೆ ಹೋಗುತ್ತಿದ್ದುದೂ ಅದರ ಕ್ಯಾರಿಯರಿನ ಮೇಲೆಯೇ. ಕನ್ನಡ ಶಾಲೆಯ ಮೇಷ್ಟರು ಆನೇಕಲ್ಲಿನ ನೆಂಟರ ಮನೆಗೆ ಹೋಗಿ, ಬರುವಾಗ ಎರಡು ಪಂಚಾಂಗವನ್ನೂ ನಾಲ್ಕು ಪುಸ್ತಕವನ್ನೂ ತರುತ್ತಿದ್ದರು. ಹೆಣ್ಣು ನೋಡಲು ಗಡಿಯ ಆಚೆಗೆ ಹೊರಟ ಹಿರಿಯರು ಎರಡು ಗಾಡಿಗಳಲ್ಲಿ ನಾಲ್ವರಾಗಿ ಹೋಗುತ್ತಿದ್ದರು. ಒಂದು ಗಾಡಿಯ ಮೇಲೆ ಇಬ್ಬರು ಕೂರುವುದು ಆಗ ದಂಡಕ್ಕೆ ಗುರಿಯಾಗುವ ಅಪರಾಧ. ಪೊಲೀಸಿನವನು ಕಂಡೊಡನೆ ಹಿಂದಿನವರು ಇಳಿದು ಸಂಭಾವಿತರಂತೆ ನಡೆಯುತ್ತಿದ್ದರಂತೆ. ರಾತ್ರಿ ದೀಪವಿಲ್ಲದಿದ್ದರೂ ದಂಡ. ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಪಡೆದ ತಗಡಿನ ಬಿಲ್ಲೆಯನ್ನು ಗಾಡಿಗೆ ಕಟ್ಟಿಕೊಂಡಿರಬೇಕಾಗಿತ್ತು. ಹಳೆಯ ಬಿಲ್ಲೆಗಳು ಕೆಲವರ ಮನೆಯ ಮೊಳೆಗಳಲ್ಲಿ ಇನ್ನೂ ತೂಗಾಡುತ್ತಿವೆ.

ಆ ಕಾಲದ ಹುಡುಗರು ಕಲಿತದ್ದು ಬಾಡಿಗೆಯ ಗಾಡಿಯ ಮೇಲೆ, ಗಂಟೆಯ ಲೆಕ್ಕದಲ್ಲಿ. ದೊಡ್ಡವರ ಗಾಡಿಯ ಸೀಟು ಎಟುಕದಿದ್ದುದರಿಂದ ಬಾರಿನ ಕೆಳಗೆ ಕಾಲು ತೂರಿಸಿ, ಮೈಯನ್ನು ಒಂದು ಬದಿಗೆ ವಾಲಿಸಿ ತುಳಿಯುತ್ತಿದ್ದರು. ತಮಿಳರು ಇದನ್ನು ಕುರಂಗು ಪೆಡಲ್, ಅಂದರೆ ಕೋತಿ ಪೆಡಲು ಎನ್ನುತ್ತಾರೆ. ಕನ್ನಡದ ಮಕ್ಕಳೂ ತೆಲುಗಿನ ಮಕ್ಕಳೂ ಬಿದ್ದು ಮಂಡಿ ತರಚಿಕೊಂಡದ್ದು ಈ ಒಂದೇ ಪಾಠಶಾಲೆಯಲ್ಲಿ.

ಸವಾರನಿಗೆ ವಯಸ್ಸಾದಾಗ ಮೊದಲು ಕೈಕೊಡುವುದು ಉಸಿರೆಂದು ಅನೇಕರು ತಿಳಿದಿದ್ದಾರೆ. ನಮ್ಮ ಹಿರಿಯರನ್ನು ಕೇಳಿದರೆ ಅವರು ಹೇಳುವುದೇ ಬೇರೆ: ಮೊದಲು ಕಷ್ಟವಾಗುವುದು ಗಾಡಿಯನ್ನು ಹತ್ತುವುದು. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಮೂರು ಬಾರಿ ಒದ್ದು, ವೇಗ ಬಂದೊಡನೆ ಆ ಕಾಲನ್ನು ಸೀಟಿನ ಹಿಂದಿನಿಂದ ಎತ್ತಿ ಆಚೆಗೆ ಹಾಕಬೇಕು. ಕ್ಯಾರಿಯರಿನಲ್ಲಿ ಹೊರೆಯಿದ್ದರೆ ಇನ್ನೂ ಎತ್ತರಕ್ಕೆ. ಸೊಂಟ ಹಿಡಿದ ಮೇಲೆ ಇದು ಸಾಗದು. ಒಮ್ಮೆ ಹತ್ತಿ ಕುಳಿತರೆ ಇಪ್ಪತ್ತು ಕಿಲೋಮೀಟರು ಸಲೀಸಾಗಿ ತುಳಿಯಬಲ್ಲವರು, ಹತ್ತಲಾರದ ಒಂದೇ ಕಾರಣದಿಂದ ಗಾಡಿಯನ್ನು ಮೂಲೆಗಿಟ್ಟದ್ದುಂಟು. ಕೆಲವರು 24 ಅಂಗುಲದ ಫ್ರೇಮನ್ನು ಬಿಟ್ಟು 22ಕ್ಕೆ, 20ಕ್ಕೆ ಇಳಿಯುತ್ತಾರೆ. ಇನ್ನು ಕೆಲವರು ಮೈಲಿಗಲ್ಲನ್ನೋ ಜಗಲಿಯ ಅಂಚನ್ನೋ ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಇದಕ್ಕೆ ಸುಲಭವಾದ ಪರಿಹಾರವು ನೂರಿಪ್ಪತ್ತು ವರ್ಷಗಳಿಗೂ ಹಿಂದಿನಿಂದಲೇ ಉಂಟು: ಮೇಲಿನ ಬಾರು ಇಲ್ಲದ ಗಾಡಿ. ಅದನ್ನು ಲಂಗ ತೊಟ್ಟ ಹೆಂಗಸರಿಗಾಗಿ ಮಾಡಿದ್ದರೆಂಬ ಒಂದೇ ಕಾರಣಕ್ಕೆ ನಮ್ಮ ಗಂಡಸರು ಅದನ್ನು ಮುಟ್ಟಲಾರರು! ಮೀಸೆಯ ಈ ಮರ್ಯಾದೆಗೆ ಎಷ್ಟು ಮಂದಿ ತಮ್ಮ ಕಡೆಯ ಹತ್ತು ವರ್ಷಗಳ ಸವಾರಿಯನ್ನು ತೆತ್ತಿದ್ದಾರೋ!

ಈ ಕಟ್ಟು ಸಡಿಲವಾದದ್ದು ಹೆಣ್ಣುಮಕ್ಕಳಿಂದ. ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಚಳವಳಿಯ ಅಂಗವಾಗಿ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ಲು ಕಲಿತರು. ಆಗ ಅಲ್ಲಿ ಕಲೆಕ್ಟರರಾಗಿದ್ದ ಶೀಲಾ ರಾಣಿ ಚುಂಕತ್ತರು ಅದಕ್ಕೆ ಬೆಂಬಲವಾಗಿ ನಿಂತರು. ಹೆಣ್ಣುಮಕ್ಕಳಿಗೆಂದು ಮಾಡಿದ ಗಾಡಿಗಳು ಸಿಕ್ಕದಾಗ ಅವರು ಅಳುಕದೆ ಬಾರಿರುವ ಗಂಡಸರ ಗಾಡಿಯನ್ನೇ ಏರಿದರು. ತರುವಾಯ 2001ರಿಂದ ತಮಿಳುನಾಡು ಸರ್ಕಾರವು ವಿದ್ಯಾರ್ಥಿನಿಯರಿಗೆ ಉಚಿತವಾಗಿ ಬೈಸಿಕಲ್ಲು ಕೊಡುವ ಯೋಜನೆಯನ್ನು ತಂದು, ಅದನ್ನು ಕ್ರಮೇಣ ಉಳಿದ ಮಕ್ಕಳಿಗೂ ವಿಸ್ತರಿಸಿತು. ಗಡಿಯ ಆಚೆ ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ದೊರೆಯತೊಡಗಿತು. ಇದರಿಂದ ಯಾರೂ ಎಣಿಸದ ಒಂದು ಫಲ ದೊರೆತಿರುವುದನ್ನು ನಾವು ನಮ್ಮ ಹಳ್ಳಿಗಳಲ್ಲಿ ಕಂಡಿದ್ದೇವೆ. ಮೊಮ್ಮಗಳು ಕಾಲೇಜು ಸೇರಿದ ಮೇಲೆ ಆಕೆಯ ಬಾರಿಲ್ಲದ ಗಾಡಿಯು ಮನೆಯಲ್ಲಿ ಉಳಿಯುತ್ತದೆ. ಒಂದು ಮುಂಜಾನೆ ತಾತನವರು ಯಾರೂ ಕಾಣದ ಹೊತ್ತಿನಲ್ಲಿ ಅದನ್ನು ಹೊರಗೆ ತೆಗೆಯುತ್ತಾರೆ. ವಾರದ ಬಳಿಕ ಯಾರು ಕಂಡರೂ ಚಿಂತೆಯಿಲ್ಲವಾಗುತ್ತದೆ.

ವಯಸ್ಸಿಗೆ ಮಿತಿ ಎಲ್ಲಿದೆಯೆಂದು ಕೇಳುವವರಿಗೆ ಫ್ರಾನ್ಸಿನ ರೊಬೇರ್ ಮಾರ್ಶಾಂರ ಹೆಸರನ್ನು ಹೇಳಬಹುದು. 1911ರಲ್ಲಿ ಹುಟ್ಟಿದ ಈ ಸವಾರರು ತಮ್ಮ 102ನೆಯ ವಯಸ್ಸಿನಲ್ಲಿ, 2014ರಲ್ಲಿ, ಒಂದು ಗಂಟೆಯಲ್ಲಿ 26.927 ಕಿಲೋಮೀಟರು ತುಳಿದರು. 2017ರಲ್ಲಿ, 105 ತುಂಬಿದ ಮೇಲೆ, 22.547 ಕಿಲೋಮೀಟರು. 2021ರಲ್ಲಿ 109ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರದು ಒಳಾಂಗಣದ ನುಣುಪಾದ ಹಾದಿ, ಹಗುರವಾದ ಗಾಡಿ. ನಮ್ಮವರಿಗೆ ಗಡಿಯಾರದ ಹಂಗಿಲ್ಲ. ದಾರಿಯಲ್ಲಿ ನಾಲ್ಕು ಕಡೆ ನಿಂತು ಮಾತನಾಡದಿದ್ದರೆ ಅವರಿಗೆ ಸವಾರಿಯೇ ಅಲ್ಲ.

ಆ ಮಾತುಕತೆಯೇ ನಮ್ಮ ಸಂಘಕ್ಕೆ ಮುಖ್ಯವಾದದ್ದು. ಹಳ್ಳಿಯಿಂದ ಹಳ್ಳಿಗೆ ಹೋಗುವ ಹಿರಿಯನು ಯಾರ ಮನೆಯಲ್ಲಿ ಮಗುವನ್ನು ಕನ್ನಡ ಶಾಲೆಗೆ ಸೇರಿಸಿದರು, ಯಾವ ಶಾಲೆಯಲ್ಲಿ ಮಕ್ಕಳು ಕಡಮೆಯಾದರು, ಯಾವ ಊರಿನಲ್ಲಿ ಭಜನೆ ನಿಂತಿತು ಎಂಬ ವರ್ತಮಾನವನ್ನು ಒಯ್ಯುತ್ತಾನೆ. ಅವನು ಗಾಡಿಯನ್ನು ಬಿಟ್ಟ ದಿನದಿಂದ ಸಂಘದ ಸಭೆಗೆ ಬರುವುದನ್ನೂ ಬಿಡುತ್ತಾನೆ. ಮಗನ ಮೋಟಾರು ಸೈಕಲ್ಲಿಗಾಗಿ ಕಾದು ಕುಳಿತವನಿಗೆ ಹೊರಡುವ ಹೊತ್ತು ತನ್ನ ಕೈಯಲ್ಲಿರುವುದಿಲ್ಲ. ಬಿಡುವುದಕ್ಕೆ ಕಾರಣ ಬಹುಮಟ್ಟಿಗೆ ಮೊಣಕಾಲಲ್ಲ, ರಸ್ತೆ. 1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಊರು ಬೆಳೆದ ಬಗೆಯನ್ನು ವಾಚಕರೇ ಬಲ್ಲರು. ಅನ್ನ ಕೊಟ್ಟ ಕಾರ್ಖಾನೆಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಬೆಂಗಳೂರಿನಿಂದ ಕೃಷ್ಣಗಿರಿಗೆ ಹೋಗುವ ಆರು ಸಾಲಿನ ಹೆದ್ದಾರಿಯನ್ನು ದಾಟಿ ಆಚೆಯ ಊರಿಗೆ ಹೋಗಬೇಕಾದ ಎಪ್ಪತ್ತೈದರ ಸವಾರನಿಗೆ, ಹಿಂದಿನ ಗಡಿಗಿಂತ ಈ ಹೆದ್ದಾರಿಯೇ ಕಠಿಣವಾದ ಗಡಿಯಾಗಿದೆ. ಪಕ್ಕದ ರಸ್ತೆಯಲ್ಲಿ ಎದುರಿನಿಂದ ಬರುವ ಲಾರಿಗಳಿಗೆ ಅಂಜಿ ಹಲವರು ಮಾರ್ಗವನ್ನೇ ಬದಲಿಸಿಕೊಂಡಿದ್ದಾರೆ. ಅಂಚಿನಲ್ಲಿ ಎರಡು ಮೊಳ ಜಾಗವನ್ನು ಬಿಳಿ ಗೆರೆ ಎಳೆದು ಬಿಟ್ಟುಕೊಟ್ಟರೆ ಸಾಕೆಂದು ಅವರು ಹೇಳುವುದನ್ನು ನಾವು ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇವೆ.

ಬಿಡಿಭಾಗಗಳ ಚಿಂತೆ ಸದ್ಯಕ್ಕೆ ದೊಡ್ಡದಲ್ಲ. ಅಟ್ಲಾಸ್ ಕಂಪೆನಿಯ ಕಡೆಯ ಕಾರ್ಖಾನೆಯು 2020ರ ಜೂನ್ 3ರಂದು, ಲೋಕವೆಲ್ಲ ಬೈಸಿಕಲ್ ದಿನವನ್ನು ಆಚರಿಸುತ್ತಿದ್ದ ದಿನವೇ, ಕೆಲಸ ನಿಲ್ಲಿಸಿತೆಂಬ ಸುದ್ದಿ ನಮ್ಮ ಹಿರಿಯರಲ್ಲಿ ಅನೇಕರನ್ನು ನೋಯಿಸಿತು. ಆದರೂ 28 ಅಂಗುಲದ ಟಯರು, ಟ್ಯೂಬು, ಕಡ್ಡಿ, ಬ್ರೇಕಿನ ರಬ್ಬರುಗಳು ಸಂತೆಯೂರಿನ ಸೈಕಲ್ ಷಾಪುಗಳಲ್ಲಿ ದೊರೆಯುತ್ತವೆ. ಕಡಮೆಯಾಗುತ್ತಿರುವುದು ಗಾಲಿಯ ಓಲಾಟವನ್ನು ಬೆರಳಿನಿಂದ ನೋಡಿ ಕಡ್ಡಿ ಬಿಗಿಯಬಲ್ಲ ಕೈಗಳು. ಅಂತಹವರಲ್ಲಿ ಕೆಲವರು ತಾವೂ ಎಪ್ಪತ್ತು ದಾಟಿದವರು; ಅಂಗಡಿಗೆ ಬರುವುದೂ ಬೈಸಿಕಲ್ಲಿನ ಮೇಲೆಯೇ. ಅವರನ್ನು ಕಾಣಬೇಕೆನ್ನುವವರು ಬೆಳಗಿನ ಹತ್ತು ಗಂಟೆಯೊಳಗೆ ಹೋಗಬೇಕು. ಬಿಸಿಲೇರಿದ ಮೇಲೆ ಅವರು ಹಲಗೆ ಮುಚ್ಚಿ ಊಟಕ್ಕೆಂದು ಹಳ್ಳಿಗೆ ಹೊರಟುಬಿಡುತ್ತಾರೆ.