ಮಾಡಿದವನು, ಮಾಡಿಸಿದವನು, ಒಪ್ಪಿದವನು: ಶ್ರಾವಕಾಚಾರ ಮತ್ತು ವ್ಯಾಪಾರದ ನೀತಿ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದೇ ಹೆಸರಾದವು. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ದಂಡಿನಶಿವರ ಈ ಸೀಮೆಗೆ ಸೇರಿದ ಊರು. ಇಲ್ಲಿನ ಮುಖ್ಯ ಸರಕು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸಿಪ್ಪೆ ಸುಲಿದು, ಚಿಪ್ಪೊಡೆದು, ಇಡಿಯ ಉಂಡೆಯನ್ನು ಹೊರತೆಗೆಯುತ್ತಾರೆ. ಉಂಡೆಯ ಹೊರಮೈ ಎಲ್ಲರಿಗೂ ಕಾಣುತ್ತದೆ; ಒಳಗು ಕೌಟಾಗಿದೆಯೋ ಹಸನಾಗಿದೆಯೋ ಎಂಬುದು ಒಡೆದ ಮೇಲೆಯೇ ತಿಳಿಯುತ್ತದೆ. ಆದ್ದರಿಂದ ಕೊಬ್ಬರಿಯ ವ್ಯಾಪಾರವು ಸರಕಿನ ವ್ಯಾಪಾರವಾಗಿರುವಷ್ಟೇ ವಿಶ್ವಾಸದ ವ್ಯಾಪಾರವೂ ಆಗಿದೆ.

ದಂಡಿನಶಿವರದಂಥ ಊರಿನ ಅಟ್ಟದಿಂದ ಇಳಿದ ಕೊಬ್ಬರಿ ಕೊಳ್ಳುವವನ ಮನೆ ಸೇರುವ ಮುನ್ನ ಹಲವು ಕೈಗಳನ್ನು ದಾಟುತ್ತದೆ: ಬೆಳೆಗಾರ, ಹಮಾಲ, ತೂಕದವನು, ಮಂಡಿಯ ಗುಮಾಸ್ತ, ಮಂಡಿಯ ಒಡೆಯ, ದೂರದ ಊರುಗಳಿಗೆ ಸರಕು ಕಳುಹಿಸುವ ರವಾನೆ ವರ್ತಕ. ಇಂಥ ಯಾವುದೇ ಮಂಡಿಯಲ್ಲಿ ಚೀಲವೊಂದಕ್ಕೆ ಒಂದು ಕಿಲೋ ಕಡಿಮೆ ತೂಗಿತೆಂದು ಭಾವಿಸಿದರೆ, ಆ ಕಳವು ಯಾರದು? ತಕ್ಕಡಿ ಹಿಡಿದವನು ಒಡೆಯನ ಮಾತನ್ನು ನಡೆಸಿದೆನೆನ್ನುತ್ತಾನೆ. ಒಡೆಯನು ತಾನು ತಕ್ಕಡಿಯನ್ನು ಮುಟ್ಟಲಿಲ್ಲವೆನ್ನುತ್ತಾನೆ. ಗುಮಾಸ್ತನು ಹೇಳಿದ ಅಂಕಿಯನ್ನು ಬರೆದೆನಷ್ಟೇ ಎನ್ನುತ್ತಾನೆ. ಕೆಲಸ ಹಂಚಿಹೋದ ಕಡೆಯಲ್ಲೆಲ್ಲ ಹೊಣೆಯೂ ಹಂಚಿಹೋಗಿ, ಕೊನೆಗೆ ಯಾರ ಪಾಲಿಗೂ ಉಳಿಯದಂತಾಗುತ್ತದೆ. ಇಂದಿನ ಕಚೇರಿ, ಕಾರ್ಖಾನೆ, ಬ್ಯಾಂಕುಗಳ ನೀತಿಚರ್ಚೆಯ ತಿರುಳೂ ಇದೇ. ಈ ಪ್ರಶ್ನೆಗೆ ಜೈನ ಶ್ರಾವಕಾಚಾರವು ಶತಮಾನಗಳ ಹಿಂದೆಯೇ ನೀಡಿದ ಉತ್ತರ ಗಮನಾರ್ಹವಾದುದು.

ತೆಂಗಿನ ಸೀಮೆಗೆ ಈ ಪರಂಪರೆ ಹೊರಗಿನದಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿ ಮತ್ತು ನೆರೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಬಸದಿ ಹೊಯ್ಸಳರ ಕಾಲದವು. ಶ್ರವಣಬೆಳಗೊಳವು ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಅದಕ್ಕೂ ಹಿಂದೆ, ಗಂಗರ ಕಾಲದ ಕರ್ನಾಟಕದೊಂದಿಗೆ ಪರಂಪರೆಯು ಪೂಜ್ಯಪಾದ ದೇವನಂದಿಯ ಹೆಸರನ್ನು ಜೋಡಿಸುತ್ತದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರಕ್ಕೆ ಅವನು ಬರೆದ ಸರ್ವಾರ್ಥಸಿದ್ಧಿಯು ಇಂದು ದೊರೆಯುವ ದಿಗಂಬರ ಟೀಕೆಗಳಲ್ಲಿ ಅತ್ಯಂತ ಪ್ರಾಚೀನವಾದುದು.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಗೃಹಸ್ಥನ ಅಣುವ್ರತಗಳನ್ನೂ ಅವುಗಳ ಅತಿಚಾರಗಳನ್ನೂ ನಿರೂಪಿಸುತ್ತದೆ. ವ್ರತವನ್ನು ಪೂರ್ತಿಯಾಗಿ ಮುರಿಯುವುದು ಅನಾಚಾರ. ವ್ರತ ಉಳಿದಂತೆ ತೋರುತ್ತಿದ್ದರೂ ಒಳಗೆ ಬಿರುಕು ಬಿಡುವುದು ಅತಿಚಾರ. ಅಚೌರ್ಯ ವ್ರತಕ್ಕೆ ಹೇಳಿದ ಐದು ಅತಿಚಾರಗಳು ಹೆಚ್ಚಾಗಿ ಅಂಗಡಿಯ ಮಾತುಗಳೇ. ಸ್ತೇನಪ್ರಯೋಗವೆಂದರೆ ಕಳ್ಳನನ್ನು ಪ್ರೇರಿಸುವುದು. ತದಾಹೃತಾದಾನವೆಂದರೆ ಕಳ್ಳನು ತಂದುದನ್ನು ಕೊಳ್ಳುವುದು. ವಿರುದ್ಧರಾಜ್ಯಾತಿಕ್ರಮವೆಂದರೆ ರಾಜ್ಯದ ಕಟ್ಟಳೆ ಸಡಿಲವಾದ ಹೊತ್ತು ನೋಡಿ ಬೆಲೆಬಾಳುವ ವಸ್ತುವನ್ನು ಅಗ್ಗಕ್ಕೆ ಹೊಡೆದುಕೊಳ್ಳುವ ಹವಣಿಕೆ. ಹೀನಾಧಿಕಮಾನೋನ್ಮಾನವೆಂದರೆ ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆ ತೂಕಗಳನ್ನು ಬಳಸುವುದು. ಪ್ರತಿರೂಪಕ ವ್ಯವಹಾರವೆಂದರೆ ಅಸಲಿನಂತೆ ಕಾಣುವ ನಕಲಿಯನ್ನು ಮಾರುವುದು. ಸಮಂತಭದ್ರನ ರತ್ನಕರಂಡ ಶ್ರಾವಕಾಚಾರವು ಈ ಕಡೆಯದನ್ನು ಒಂದೇ ಬಗೆಯಾಗಿ ಕಾಣುವುದನ್ನು ಬೆರೆಸುವುದೆಂದು ಇನ್ನೂ ಸ್ಪಷ್ಟಗೊಳಿಸುತ್ತದೆ. ಒಳ್ಳೆಯ ಉಂಡೆಗಳ ನಡುವೆ ಕೌಟು ಉಂಡೆಯನ್ನು ಸೇರಿಸಿದವನಿಗೆ ಇದಕ್ಕಿಂತ ನೇರವಾದ ಹೆಸರು ಬೇಕಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಡಿಮೆ ತೂಕವನ್ನೂ ಕಲಬೆರಕೆಯನ್ನೂ ಆಚಾರ್ಯರು ಅಸತ್ಯದ ಲೆಕ್ಕಕ್ಕೆ ಸೇರಿಸಿಲ್ಲ, ಚೌರ್ಯದ ಲೆಕ್ಕಕ್ಕೆ ಸೇರಿಸಿದ್ದಾರೆ. ಸುಳ್ಳೆಂದರೆ ಬಾಯಿಮಾತಿನ ದೋಷವೆಂದು ವರ್ತಕನು ಸಮಾಧಾನ ಹೇಳಿಕೊಳ್ಳಬಹುದು. ಒಂದು ಮಾತನ್ನೂ ಆಡದೆ ತೂಗಿದೆನಲ್ಲ ಎಂದೂ ವಾದಿಸಬಹುದು. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ನಿರೂಪಣೆಯ ಮುಂದೆ ಆ ವಾದಕ್ಕೆ ಎಡೆಯಿಲ್ಲ. ಮೌನವಾಗಿದ್ದ ತಕ್ಕಡಿಯೂ ಕದಿಯಬಲ್ಲದು.

ಪೂಜ್ಯಪಾದನು ಸ್ತೇನಪ್ರಯೋಗವನ್ನು ಬಿಡಿಸುವ ರೀತಿಯು ಮೇಲಿನ ಪ್ರಶ್ನೆಗೆ ನೇರವಾಗಿ ಸಲ್ಲುತ್ತದೆ. ಕದಿಯುವವನನ್ನು ತಾನೇ ಪ್ರೇರಿಸುವುದು, ಇನ್ನೊಬ್ಬನ ಮೂಲಕ ಪ್ರೇರಿಸುವುದು, ಪ್ರೇರಿತನಾದವನನ್ನು ಒಪ್ಪಿಕೊಳ್ಳುವುದು ಎಂಬ ಮೂರೂ ಇದರಲ್ಲಿ ಅಡಗಿವೆ. ಕೃತ, ಕಾರಿತ, ಅನುಮತ ಎಂಬ ತತ್ತ್ವವನ್ನೇ ಇಲ್ಲಿ ವ್ಯವಹಾರಕ್ಕೆ ಅನ್ವಯಿಸಲಾಗಿದೆ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಇದರ ವಿಸ್ತಾರವನ್ನು ಕಾಣಬಹುದು. ಮಾಡಬೇಕೆಂಬ ಸಂಕಲ್ಪ, ಅದಕ್ಕೆ ಬೇಕಾದ ಸಿದ್ಧತೆ, ಕಾರ್ಯದ ಆರಂಭ ಎಂಬ ಮೂರು ಹಂತಗಳು. ಮನಸ್ಸು, ಮಾತು, ಕಾಯಗಳೆಂಬ ಮೂರು ದ್ವಾರಗಳು. ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಪಾಪವು ಕಾರ್ಯವಾಗುವ ಮೊದಲೇ ಎಷ್ಟು ಬಾಗಿಲುಗಳನ್ನು ದಾಟಿ ಬರುತ್ತದೆ, ಎಷ್ಟು ಕಡೆಗಳಲ್ಲಿ ಅದನ್ನು ತಡೆಯಬಹುದಾಗಿತ್ತು ಎಂಬುದನ್ನು ಈ ಎಣಿಕೆ ತೋರಿಸುತ್ತದೆ. ನಿರ್ಧಾರವೆಂಬುದು ಒಂದು ಕ್ಷಣದ ಸಂಗತಿಯಲ್ಲ, ಹಲವು ಹೆಜ್ಜೆಗಳ ಸರಣಿಯೆಂಬ ತಿಳಿವು ಇದರ ಹಿಂದಿದೆ.

ಹಾಗಾದರೆ ಈ ಲೆಕ್ಕದಲ್ಲಿ ಹೊಣೆಯನ್ನು ಪಾಲು ಹಾಕಿಕೊಳ್ಳಲು ಬರುವುದಿಲ್ಲ. ಮೂವರು ಸೇರಿ ಮಾಡಿದ ಕಳವಿನಲ್ಲಿ ಒಬ್ಬೊಬ್ಬನಿಗೆ ಮೂರನೆಯ ಒಂದು ಭಾಗ ದೋಷವೆಂದು ಶಾಸ್ತ್ರ ಹೇಳುವುದಿಲ್ಲ. ತೂಗಿದವನಿಗೆ ಕೃತದ ದೋಷ, ತೂಗಿಸಿದವನಿಗೆ ಕಾರಿತದ ದೋಷ, ತಿಳಿದು ಒಪ್ಪಿದವನಿಗೆ ಅನುಮತದ ದೋಷ. ಅವರವರ ಕಷಾಯದ ತೀವ್ರತೆಗೆ ತಕ್ಕಂತೆ ಅವರವರ ಬಂಧ.

ಸತ್ಯಾಣುವ್ರತದ ಅತಿಚಾರಗಳೂ ಕಚೇರಿಯ ಬದುಕಿಗೆ ಹತ್ತಿರವಾದವು. ಕೂಟಲೇಖಕ್ರಿಯೆ ಸುಳ್ಳು ಪತ್ರದ ಸೃಷ್ಟಿ. ನ್ಯಾಸಾಪಹಾರ ನಂಬಿ ಇರಿಸಿದ ಒತ್ತೆಯನ್ನು ಮರೆಮಾಚುವುದು. ಸಾಕಾರಮಂತ್ರಭೇದ ಪರರ ಗುಟ್ಟನ್ನು ಅವರ ಮುಖಚರ್ಯೆಯಿಂದ ಊಹಿಸಿ ಬಯಲು ಮಾಡುವುದು. ಇವುಗಳಲ್ಲಿ ನ್ಯಾಸಾಪಹಾರದ ಸ್ವರೂಪವನ್ನು ತೋರಿಸುವ ಕಥೆಯೇ ಸತ್ಯಘೋಷನದು. ಸಮಂತಭದ್ರನು ಹೆಸರಿಸಿ ಬಿಟ್ಟ ಈ ದೃಷ್ಟಾಂತವನ್ನು ಟೀಕಾಕಾರ ಪ್ರಭಾಚಂದ್ರನು ಕಥೆಯಾಗಿ ವಿಸ್ತರಿಸಿದ್ದಾನೆ.

ಸಿಂಹಪುರದ ಅರಸನ ಪುರೋಹಿತನಾದ ಶ್ರೀಭೂತಿಯು ಜನಿವಾರಕ್ಕೆ ಕತ್ತಿಯೊಂದನ್ನು ಕಟ್ಟಿಕೊಂಡು, ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಸಾರಿ, ಸತ್ಯಘೋಷನೆಂಬ ಬಿರುದು ಗಳಿಸಿದ್ದನು. ಸಮುದ್ರದತ್ತನೆಂಬ ವರ್ತಕನು ಅವನಲ್ಲಿ ಐದು ರತ್ನಗಳನ್ನಿರಿಸಿ ಹಡಗಿನ ವ್ಯಾಪಾರಕ್ಕೆ ಹೋದನು. ಹಡಗು ಮುಳುಗಿ, ಬರಿಗೈಯಲ್ಲಿ ಮರಳಿದ ಅವನನ್ನು ಪುರೋಹಿತನು ಹುಚ್ಚನೆಂದು ಹೊರದಬ್ಬಿಸಿದನು. ಪ್ರತಿರಾತ್ರಿ ಅರಮನೆಯ ಬಳಿಯ ಮರವೇರಿ ಕೂಗುತ್ತಿದ್ದ ವರ್ತಕನ ಮಾತಿನಲ್ಲಿ ಒಂದು ಅಕ್ಷರವೂ ವ್ಯತ್ಯಾಸವಾಗದಿದ್ದುದನ್ನು ಕಂಡು, ರಾಣಿ ರಾಮದತ್ತೆಗೆ ಅವನು ಹುಚ್ಚನಲ್ಲವೆನಿಸಿತು. ಅವಳು ಪುರೋಹಿತನೊಡನೆ ಪಗಡೆಯಾಡಿ, ಅವನ ಕತ್ತಿಯನ್ನೂ ಜನಿವಾರವನ್ನೂ ಗೆದ್ದು, ಅವನ್ನೇ ಗುರುತಾಗಿ ಅವನ ಪತ್ನಿಗೆ ಕಳುಹಿಸಿ ರತ್ನಗಳನ್ನು ತರಿಸಿಕೊಂಡಳು. ಅರಸನು ಅವನ್ನು ಬೇರೆ ರತ್ನಗಳೊಂದಿಗೆ ಬೆರೆಸಿ ಮುಂದಿಟ್ಟಾಗ, ಎಲ್ಲವನ್ನೂ ಕಳೆದುಕೊಂಡಿದ್ದ ವರ್ತಕನು ತನ್ನ ಐದನ್ನು ಮಾತ್ರ ಆರಿಸಿಕೊಂಡನು.

ಪುರೋಹಿತನ ಕಳವಿಗೆ ಸಾಧನವಾದುದು ಅವನ ಸತ್ಯದ ಕೀರ್ತಿಯೇ. ಕತ್ತಿಯನ್ನು ಕಂಡವರಾರೂ ಅವನ ಲೆಕ್ಕವನ್ನು ಕೇಳಲಿಲ್ಲ. ರತ್ನಗಳಿರುವ ಎಡೆ ಪತ್ನಿಗೂ ತಿಳಿದಿತ್ತು. ಗಂಡನ ಗುರುತು ಬರುವವರೆಗೆ ಅವಳು ಅವನ್ನು ಕಾಯ್ದಳು. ಕೃತ ಒಬ್ಬನದಾದರೂ ಅನುಮತ ಇನ್ನೊಬ್ಬರದು.

ಇಲ್ಲೊಂದು ಆಕ್ಷೇಪ ಏಳಬಹುದು. ಸಮಂತಭದ್ರನು ವಿವರಿಸುವ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ. ಸೇವೆ, ಕೃಷಿ, ವಾಣಿಜ್ಯ ಮೊದಲಾದವನ್ನು ಶ್ರಾವಕನು ಬಿಡುವುದು ಅಲ್ಲಿ. ಒಂಬತ್ತನೆಯದು ಪರಿಗ್ರಹತ್ಯಾಗ. ಹತ್ತನೆಯದು ಅನುಮತಿತ್ಯಾಗ, ಮನೆಯವರ ಉದ್ಯೋಗ ವ್ಯವಹಾರಗಳಿಗೆ ಒಪ್ಪಿಗೆ ಕೊಡುವುದನ್ನೂ ಅವನು ಅಲ್ಲಿ ನಿಲ್ಲಿಸುತ್ತಾನೆ. ಅನುಮತಿಯನ್ನು ಬಿಡುವುದು ಅಷ್ಟು ಎತ್ತರದ ಮೆಟ್ಟಿಲಾದರೆ, ಸಂಬಳಕ್ಕೆ ದುಡಿಯುವ ಗುಮಾಸ್ತನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೇ?

ಹತ್ತನೆಯ ಪ್ರತಿಮೆಯು ನ್ಯಾಯವಾದ ವ್ಯವಹಾರಕ್ಕೂ ಒಪ್ಪಿಗೆ ನೀಡದಿರುವ ವಿರಕ್ತಿಯನ್ನು ಹೇಳುತ್ತದೆ. ಕಳವಿಗೆ ಒಪ್ಪದಿರುವುದಾದರೋ ಎರಡನೆಯದಾದ ವ್ರತಪ್ರತಿಮೆಗೇ ಸೇರಿದ್ದು. ಆದರೂ ಈ ಕ್ರಮದಲ್ಲಿ ಮನುಷ್ಯಸ್ವಭಾವದ ಸೂಕ್ಷ್ಮವಾದ ಅರಿವಿದೆ. ಮೊದಲು ಕೈ ನಿಲ್ಲುತ್ತದೆ, ಅನಂತರ ಒಡೆತನ ಬಿಡುತ್ತದೆ, ಒಪ್ಪಿಗೆ ಮಾತ್ರ ಎಲ್ಲಕ್ಕಿಂತ ತಡವಾಗಿ ಸಡಿಲುತ್ತದೆ. ಕೃಷಿ ವಾಣಿಜ್ಯಗಳ ಜೊತೆಗೆ ಸೇವೆಯನ್ನೂ ಹೆಸರಿಸಿರುವುದು ಇನ್ನೊಂದು ವಿಶೇಷ. ಪರರ ಕೈಕೆಳಗೆ ದುಡಿಯುವವನೂ ತನ್ನ ಕರ್ಮಕ್ಕೆ ತಾನೇ ಕರ್ತೃವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ವ್ರತಗಳು ಸಂಸ್ಕೃತ ಗ್ರಂಥಗಳಲ್ಲೇ ಉಳಿಯಲಿಲ್ಲ. ಮುಳುಗುಂದದ ನಯಸೇನನು 1112ರಲ್ಲಿ ರಚಿಸಿದ ಧರ್ಮಾಮೃತವು ಸಮ್ಯಗ್ದರ್ಶನ, ಅದರ ಎಂಟು ಅಂಗಗಳು ಹಾಗೂ ಐದು ವ್ರತಗಳನ್ನು ಹದಿನಾಲ್ಕು ಆಶ್ವಾಸಗಳ ಕಥೆಗಳಾಗಿ ಕನ್ನಡಕ್ಕೆ ತಂದಿತು. ಆಯತವರ್ಮನು ರತ್ನಕರಂಡಕವನ್ನು ಕನ್ನಡ ಚಂಪುವಾಗಿಸಿದನು. ನಯಸೇನನ ಮುಳುಗುಂದದಲ್ಲಿ 902ರ ಶಾಸನದ ಪ್ರಕಾರ ವೈಶ್ಯನಾದ ಚೀಕಾರ್ಯನು ಕಟ್ಟಿಸಿದ ಬಸದಿಯಿತ್ತು. ವರ್ತಕರು ಕಟ್ಟಿಸಿದ ಬಸದಿಗಳ ಸುತ್ತಲೇ ವರ್ತಕರ ದೋಷಗಳನ್ನು ಎಣಿಸುವ ಸಾಹಿತ್ಯವೂ ಬೆಳೆಯಿತೆಂಬುದು ಸಣ್ಣ ಸಂಗತಿಯಲ್ಲ.

ವರ್ತಕ ಸಂಘಗಳಿಗೂ ತಮ್ಮದೇ ಧರ್ಮವಿತ್ತು. ನಾನಾ ಮತಗಳ ವರ್ತಕರನ್ನು ಒಳಗೊಂಡಿದ್ದ ಅಯ್ಯಾವೊಳೆಯ ಐನೂರ್ವರು ತಮ್ಮನ್ನು ವೀರಬಣಂಜು ಧರ್ಮದ ಪಾಲಕರೆಂದು ಶಾಸನಗಳಲ್ಲಿ ಕರೆದುಕೊಂಡು, ಸತ್ಯ, ಶೌಚ, ವಿನಯಗಳನ್ನು ತಮ್ಮ ಗುಣಗಳಾಗಿ ಎಣಿಸಿದ್ದಾರೆ. ಶ್ರವಣಬೆಳಗೊಳದಲ್ಲಿ ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿಯಾದ ನಾಗದೇವನು 1195ರಲ್ಲಿ ಕಟ್ಟಿಸಿದ ಬಸದಿಗೆ ನಗರ ಜಿನಾಲಯವೆಂಬ ಹೆಸರು ಬಂದುದು ಅದು ವರ್ತಕರ ‘ನಗರ’ ಸಂಘದ ಆಶ್ರಯದಲ್ಲಿದ್ದುದರಿಂದ. ಆದರೆ ಪ್ರಶಸ್ತಿಯು ವರ್ತಕನು ತನ್ನ ಬಗೆಗೆ ತಾನೇ ಬರೆಸಿದ ಮಾತು. ಸಂಘದ ಸದಸ್ಯನಲ್ಲದ ಬೆಳೆಗಾರನ ತೂಕದ ಬಗೆಗೆ ಅದರಿಂದ ತಿಳಿಯುವುದು ಕಡಿಮೆ. ಪ್ರಶಸ್ತಿ ಗುಣಗಳನ್ನು ಎಣಿಸುತ್ತದೆ, ಶ್ರಾವಕಾಚಾರ ದೋಷಗಳನ್ನು ಎಣಿಸುತ್ತದೆ. ಮಂಡಿಯ ನೀತಿಯನ್ನು ಅರಿಯಬಯಸುವ ಸಂಶೋಧಕನಿಗೆ ಎರಡನೆಯ ಪಟ್ಟಿಯೇ ಹೆಚ್ಚು ಉಪಯುಕ್ತ.

ಆಧುನಿಕ ಕಾಲದಲ್ಲಿ ಆ ದೋಷಗಳ ಪಟ್ಟಿ ಸರಕಾರಿ ವರದಿಗಳಲ್ಲಿ ಮತ್ತೆ ಕಾಣಿಸಿಕೊಂಡಿತು. 1928ರಲ್ಲಿ ವರದಿ ನೀಡಿದ ಭಾರತದ ಕೃಷಿ ರಾಯಲ್ ಆಯೋಗವು ಮಾರುಕಟ್ಟೆಗಳ ತೂಕದ ಅವ್ಯವಸ್ಥೆ, ಬೆಳೆಗಾರನ ಹಣದಲ್ಲಿ ಮನಬಂದಂತೆ ನಡೆಯುವ ಕಡಿತ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುವ ರೂಢಿ ಮೊದಲಾದವನ್ನು ಗುರುತಿಸಿ, ನಿಯಂತ್ರಿತ ಮಾರುಕಟ್ಟೆಗಳನ್ನು ಸೂಚಿಸಿತು. ಮೈಸೂರು ಸಂಸ್ಥಾನದಲ್ಲಿ 1939ರ ಕಾಯ್ದೆ, ಬಳಿಕ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದವು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯಿಂದ ಸೇರು ಮಣಗಳು ಹೋಗಿ ಕಿಲೋ ಬಂದಿತು. 2014ರಲ್ಲಿ ಕರ್ನಾಟಕವು ಆನ್‌ಲೈನ್ ಏಕೀಕೃತ ಮಾರುಕಟ್ಟೆಯನ್ನು ಆರಂಭಿಸಿ, ಬೆಲೆ ಕೂಗುವ ಕ್ರಮವನ್ನು ಗಣಕಯಂತ್ರಕ್ಕೆ ಒಪ್ಪಿಸಿತು.

ಹೀನಾಧಿಕಮಾನವನ್ನು ಕಾಯ್ದೆಯು ಬಹುಮಟ್ಟಿಗೆ ಹಿಡಿಯಬಲ್ಲದು, ಏಕೆಂದರೆ ಬಟ್ಟಿಗೆ ಮುದ್ರೆಯೊತ್ತಬಹುದು, ತಕ್ಕಡಿಯನ್ನು ಪರೀಕ್ಷಿಸಬಹುದು. ಕಾರಿತವನ್ನೂ ಸಾಕ್ಷಿಯಿದ್ದರೆ ಹಿಡಿಯಬಹುದು. ಅನುಮತಕ್ಕೆ ಮುದ್ರೆಯೊತ್ತುವ ಯಂತ್ರವಿಲ್ಲ. ಮುದ್ರೆಯೊತ್ತಿದ ತಕ್ಕಡಿ ಸರಿಯಾಗಿದ್ದೂ ಚೀಟಿಯಲ್ಲಿ ಬೇರೆ ಅಂಕಿ ಬರೆಯಲು ಸೂಚನೆ ಬಂದಾಗ, ಲೇಖನಿ ಹಿಡಿದ ಗುಮಾಸ್ತನ ಎದುರು ನಿಲ್ಲುವುದು ಕಾಯ್ದೆಯ ಪುಸ್ತಕವಲ್ಲ, ಹೊಟ್ಟೆಪಾಡು ಮತ್ತು ಒಡೆಯನ ಮುಖ. ಆ ಕ್ಷಣದ ಕಷ್ಟವನ್ನು ಪೂಜ್ಯಪಾದನು ಹಗುರಗೊಳಿಸಲಿಲ್ಲ. ಆದರೆ ಅವನ ವಿಂಗಡಣೆಯ ಮುಂದೆ ಗುಮಾಸ್ತನಿಗೆ ಒಂದು ಮಾತನ್ನು ಮಾತ್ರ ಹೇಳಿಕೊಳ್ಳಲಾಗದು: ಇದು ತನ್ನ ಕಳವಲ್ಲ ಎಂಬುದನ್ನು. ತಕ್ಕಡಿ ಮುಟ್ಟದ ಒಡೆಯನಿಗೂ, ಏನೂ ಕಾಣದವನಂತೆ ಬದಿಯಲ್ಲಿ ನಿಂತ ಇನ್ನೊಬ್ಬ ವರ್ತಕನಿಗೂ ಅದೇ ನಿಯಮ.