ಗಣಿತದ ಕಂಠಾಭರಣವೂ ಮಕ್ಕಳ ಆಟವೂ

ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ನಮ್ಮ ವಿಜಯಪುರ ಸೀಮೆಯೂ ಅಂದು ಮಾನ್ಯಖೇಟದ ಆ ಸಾಮ್ರಾಜ್ಯದೊಳಗೇ ಇದ್ದಿತು.

ಗುಣಾಕಾರವನ್ನು ಕಲಿಸುವಲ್ಲಿ ಆಚಾರ್ಯರು ಒಂದು ವಿನೋದವನ್ನು ಯೋಜಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. ಎಡದಿಂದಲೂ ಬಲದಿಂದಲೂ ಒಂದೇ ಆಗಿ ತೋರುವ ಇಂತಹ ಫಲಗಳು ಅವರಿಗೆ ಕಂಠಾಭರಣಗಳು. ಒಂದಂಕೆ ತಪ್ಪಿದರೂ ಹಾರ ಹರಿಯುತ್ತದೆ; ತಪ್ಪನ್ನು ಗುರುಗಳು ತೋರಿಸಬೇಕಾಗಿಲ್ಲ, ಲೆಕ್ಕವೇ ತೋರಿಸುತ್ತದೆ. ಇಲ್ಲಿ ಕಲಿಕೆಯೇ ಆಟ.

ಇದಕ್ಕೆ ಹೋಲಿಸಿ ನೋಡತಕ್ಕದ್ದು ಗುಜರಾತ್ ಮತ್ತು ರಾಜಸ್ಥಾನದ ಜೈನರು ಆಡುತ್ತಿದ್ದ 84 ಮನೆಗಳ ಜ್ಞಾನಬಾಜಿ. ಸದ್ಗುಣಗಳು ಏಣಿಯಾಗಿ ಮೇಲಕ್ಕೊಯ್ಯುತ್ತಿದ್ದವು, ದುರ್ಗುಣಗಳು ಹಾವಾಗಿ ಕೆಳಗಿಳಿಸುತ್ತಿದ್ದವು. 1890ರ ದಶಕದಲ್ಲಿ ಹಾವು-ಏಣಿಯಾಟವು ಇಂಗ್ಲೆಂಡಿನ ಅಂಗಡಿಗಳನ್ನು ಸೇರಿದಾಗ ಮನೆಗಳ ಹೆಸರುಗಳು ಬದಲಾದವು, ಬರಬರುತ್ತ ಅಳಿದೇ ಹೋದವು. ಆದರೂ ಆಟಕ್ಕೆ ಕುಂದಾಗಲಿಲ್ಲ! ಏಕೆಂದರೆ ಕಾಯಿಯನ್ನು ನಡೆಸುತ್ತಿದ್ದುದು ದಾಳವೇ ಹೊರತು ಆಡುವವನ ವಿವೇಕವಲ್ಲ. ಪಟದ ಬಳಿ ಕುಳಿತು ಅರ್ಥ ಹೇಳುವ ಹಿರಿಯರಿದ್ದಾಗ ಮಾತ್ರ ಅದು ಪಾಠವಾಗುತ್ತಿತ್ತು.

1971ರಲ್ಲಿ ಅಮೆರಿಕದ ಮಿನ್ನೆಸೋಟಾದ ಮೂವರು ಶಿಕ್ಷಕ ವಿದ್ಯಾರ್ಥಿಗಳು ಇತಿಹಾಸದ ಪಾಠಕ್ಕೆಂದು 'ಓರೆಗಾನ್ ಟ್ರೇಲ್' ಎಂಬ ಗಣಕಯಂತ್ರದ ಆಟವನ್ನು ರಚಿಸಿದರು. ಪಶ್ಚಿಮಕ್ಕೆ ವಲಸೆ ಹೊರಟವನು ಕೈಯಲ್ಲಿರುವ ಹಣದಲ್ಲಿ ಎತ್ತುಗಳಿಗೆಷ್ಟು, ಆಹಾರಕ್ಕೆಷ್ಟು, ಬಟ್ಟೆಗೆಷ್ಟು ಎಂದು ತೂಗಿ ನೋಡಬೇಕು. ಗಲ್ಲಾದ ಮೇಲೆ ಕುಳಿತ ವ್ಯಾಪಾರಿಯ ಮಗನು ಚಿಲ್ಲರೆ ಎಣಿಸುತ್ತಲೇ ಲೆಕ್ಕ ಕಲಿಯುವ ರೀತಿಯೇ ಇದು.

ಇಂದು ಮೊಬೈಲಿನಲ್ಲಿ ದೊರೆಯುವ ಎಷ್ಟೋ 'ಶೈಕ್ಷಣಿಕ' ಆಟಗಳಲ್ಲಿ ಓಟದ ನಡುವೆ ಒಂದು ಪ್ರಶ್ನೆ ಅಡ್ಡ ಬರುತ್ತದೆ. ಉತ್ತರಿಸಿದರೆ ಬಂಗಾರದ ನಾಣ್ಯ ಸಿಗುತ್ತದೆ. ಪ್ರಶ್ನೆಯನ್ನು ತೆಗೆದುಹಾಕಿದರೂ ಓಟ ನಿಲ್ಲುವುದಿಲ್ಲ. ಅಪರಿಗ್ರಹದ ಪ್ರಶ್ನೆಗೆ ನಾಣ್ಯದ ರಾಶಿಯನ್ನು ಬಹುಮಾನವಿತ್ತರೆ ಮಗು ಕಲಿಯುವುದು ಯಾವುದನ್ನು? ತುಟಿಯಲ್ಲಿ ಅಪರಿಗ್ರಹ, ಬೆರಳಿನಲ್ಲಿ ಪರಿಗ್ರಹ!

ಪಾಠಶಾಲೆಗಳಿಗೆ ಇಂತಹ ಸಾಧನಗಳನ್ನು ಕೊಳ್ಳುವ ಬಸದಿಯ ಆಡಳಿತ ಮಂಡಳಿಗಳೂ ತಂದೆತಾಯಿಗಳೂ ಬೆಲೆ ಕೇಳುವ ಮೊದಲು ಒಂದನ್ನು ಪರೀಕ್ಷಿಸುವುದು ಲೇಸು: ಪಾಠವನ್ನು ತೆಗೆದರೆ ಆಟ ಉಳಿಯುತ್ತದೆಯೇ? ಉಳಿಯುವುದಾದರೆ ಅದು ಮೇಲೆ ಬಳಿದ ಬಣ್ಣ. ಉಳಿಯದಿದ್ದರೆ, ಆಚಾರ್ಯರ ಹಾರದಂತೆ, ದಾರವೂ ಮಣಿಯೂ ಒಂದಾಗಿವೆಯೆಂದು ತಿಳಿಯತಕ್ಕದ್ದು.